ಹನ್ನೊಂದು ಸ್ನಾನದ ಪುಸ್ತಕ

ಕರ್ಕಿಯ ಶರಾವತಿ ಮಕ್ಕಳ ಚಿತ್ರಪುಸ್ತಕ ಬರೆಯಲು ಹೊರಟಾಗ ಅವಳಿಗೆ ಮೂವತ್ತೆರಡು ವರ್ಷ. ಪುಸ್ತಕದ ನಾಯಕ ಒಂದು ಬಂಗಡೆ ಮೀನು. ಆ ಮೂವತ್ತೆರಡು ವರ್ಷಗಳಲ್ಲಿ ಅವಳು ಒಂದೇ ಒಂದು ಬಂಗಡೆಯನ್ನೂ ಕಣ್ಣಾರೆ ಕಂಡವಳಲ್ಲ. ಕಡಲಿಗೆ ಕೂಗಳತೆಯಲ್ಲಿ ಮನೆ, ಹಿತ್ತಿಲಲ್ಲಿ ನಿಂತರೆ ತೆರೆಯ ಸದ್ದು ಕೇಳುತ್ತದೆ, ಆದರೂ ಕಂಡವಳಲ್ಲ. ಮೀನು ಮುಟ್ಟದ ಹವ್ಯಕ ಬ್ರಾಹ್ಮಣರ ಮನೆ ನೋಡಿ. ಮೀನಿನ ಬುಟ್ಟಿ ರಸ್ತೆಯಲ್ಲಿ ಸುಳಿದರೂ ಅತ್ತೆ ಭಾಗೀರಥಮ್ಮ ಆ ಬದಿಯ ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತಿದ್ದರು. ಮೀನು ಎಂಬ ಪದವನ್ನೇ ಅವರು ಬಾಯಲ್ಲಿ ಹಾಕುತ್ತಿರಲಿಲ್ಲ. ಹೇಳಲೇಬೇಕಾಗಿ ಬಂದರೆ ‘ಆ ಜಂತು’ ಎನ್ನುತ್ತಿದ್ದರು.

ಇಂಥ ಮನೆಯ ಸೊಸೆ ಮೀನಿನ ಗೊಡವೆಗೆ ಯಾಕೆ ಹೋದಳು? ತಪ್ಪು ಅವಳದಲ್ಲ, ಹಿಮಕರಡಿಯದು. ಶರಾವತಿ ಊರ ಬಾಲವಾಡಿಯಲ್ಲಿ ಆರು ವರ್ಷದಿಂದ ಕಲಿಸುತ್ತಿದ್ದಳು. ಅಲ್ಲಿಗೆ ಎಲ್ಲಿಂದಲೋ ದಾನವಾಗಿ ಬಂದ ಚಿತ್ರಪುಸ್ತಕಗಳಲ್ಲಿ ಜಿರಾಫೆ, ಸೇಬು, ಹಿಮಕರಡಿ. ಒಂದು ದಿನ ಅವಳು ಹಿಮಕರಡಿಯ ಪುಟ ತೆರೆದು ತೋರಿಸಿದಾಗ ಮುಂದೆ ಕೂತಿದ್ದ ಪೋರನೊಬ್ಬ, “ಅಕ್ಕೋರೆ, ಇದನ್ನ ಸಾರ್ ಮಾಡ್ತ್ರಾ, ಹುರಿತ್ರಾ?” ಎಂದು ಕೇಳಿದ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಮಕ್ಕಳು ಅಕ್ಕೋರು ಎನ್ನುತ್ತವೆ. ಶರಾವತಿ ಪುಸ್ತಕ ಮುಚ್ಚಿಟ್ಟಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು. ಈ ಮಕ್ಕಳಿಗೆ ಗೊತ್ತಿರುವ ಪ್ರಾಣಿಯೊಂದರ ಪುಸ್ತಕ ಬೇಕು, ಅದನ್ನು ತಾನೇ ಬರೆಯಬೇಕು ಎಂದುಕೊಂಡಳು. ಉದ್ದೇಶವೇನೋ ಚಿನ್ನದಂಥದ್ದೇ. ಮಕ್ಕಳಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲವಲ್ಲ ಎಂಬ ಸಣ್ಣ ವಿಷಯ ಮಾತ್ರ ಅವಳ ತಲೆಗೆ ಹೊಳೆಯಲಿಲ್ಲ.

ಚಿತ್ರ ಬರೆಯುವ ಕೈ ಅವಳಿಗೆ ಚೆನ್ನಾಗಿತ್ತು. ಅವಳು ಕಂಡಿದ್ದ ಮೀನುಗಳೆಂದರೆ ದೇವಸ್ಥಾನದ ಕೆರೆಯಲ್ಲಿ ಮಂಡಕ್ಕಿಗೆ ಬಾಯಿ ತೆರೆಯುವ ಮೀನುಗಳು. ಹಾಗಾಗಿ ಅವಳ ಬಂಗಡೆ ತಾವರೆ ಕೆರೆಯಲ್ಲಿ ಹುಟ್ಟಿತು. ಕುಂಕುಮದ ಬಣ್ಣದ ಮೈ, ಉದ್ದುದ್ದ ರೆಪ್ಪೆ, ರಾತ್ರಿಯಾದರೆ ತಾವರೆ ಎಲೆ ಹೊದ್ದು ಕಣ್ಣು ಮುಚ್ಚಿ ಮಲಗುವ ಅಭ್ಯಾಸ. ಪುಸ್ತಕದ ಹೆಸರು ‘ತಾವರೆ ಕೆರೆಯ ಬಂಗಡೆ’.

ಅಚ್ಚು ಹಾಕಿದವನು ಕುಮಟಾದಲ್ಲಿ ಮದುವೆ ಕಾಗದ ಛಾಪಿಸುವ ಪ್ರೆಸ್ಸಿನ ಸಂಜಯ ಶಾನಭಾಗ. ೧೯೯೮ರ ಆಷಾಢ, ಯಾರದೂ ಮದುವೆಯಿಲ್ಲದೆ ಯಂತ್ರ ಸುಮ್ಮನೆ ಕೂತಿತ್ತು. ಉಳಿದ ಕಾಗದವೂ ಇತ್ತು, ಆದರೆ ಎಲ್ಲ ಮದುವೆಯದೇ ಕಾಗದ. ಮೇಲೆ ಗಣಪತಿ, ಸುತ್ತ ಮಾವಿನ ತೋರಣ, ಕೆಳಗೆ ಎರಡು ಬಾಳೆಗಿಡ. ಪ್ರತಿ ಪುಟದಲ್ಲೂ ಬಂಗಡೆ ಗಣಪತಿಯ ಕೃಪೆಯಿಂದಲೇ ಈಜಿತು. ಪುಸ್ತಕ ಕೊಟ್ಟ ಮನೆಗಳಲ್ಲಿ ಅರ್ಧ ಜನ “ಮುಹೂರ್ತ ಯಾವಾಗ?” ಎಂದು ಕೇಳಿದರು. ಹಳದೀಪುರದ ಒಬ್ಬ ನೆಂಟರಂತೂ ಒಳಗೆ ತೆರೆದೂ ನೋಡದೆ ಉಡುಗೊರೆಯ ಸ್ಟೀಲಿನ ಚರಿಗೆ ಹಿಡಿದುಕೊಂಡು ಬಂದೇಬಿಟ್ಟರು. ಚರಿಗೆ ಇವತ್ತಿಗೂ ಆ ಮನೆಯಲ್ಲಿದೆ.

ಅಚ್ಚು ಹಾಕುವ ಮೊದಲು ಒಂದು ಜಗಳವೂ ಆಗಿತ್ತು, ಅದನ್ನು ನೆನಪಿಟ್ಟುಕೊಳ್ಳಿ. ಶಾನಭಾಗ ಮೀನು ಬಲ್ಲವನು, ಮಧ್ಯಾಹ್ನದ ಊಟಕ್ಕೆ ಮೀನಿಲ್ಲದಿದ್ದರೆ ಸಂಜೆಯವರೆಗೆ ಮುಖ ಊದಿಸಿಕೊಳ್ಳುವವನು. ಕುಂಕುಮದ ಬಂಗಡೆಯನ್ನು ಅವನಿಗೆ ನೋಡಲಾಗಲಿಲ್ಲ. ಪಾಪ ಎಂದು ಅದರ ಬೆನ್ನಿಗೆ ನಾಲ್ಕು ಕಪ್ಪು ಗೀಟು ಎಳೆದ, ನಿಜವಾದ ಬಂಗಡೆಗೆ ಇರುವ ಹಾಗೆ. ಶರಾವತಿ ಅದನ್ನು ಕಂಡವಳೇ ಕೆಂಡಾಮಂಡಲವಾದಳು. ತನ್ನ ಚಿತ್ರದ ಒಂದು ಗೀಟನ್ನೂ ಇನ್ನು ಮೇಲೆ ಯಾರೂ ಮುಟ್ಟಕೂಡದು ಎಂದಳು.

“ಆತು ಅಕ್ಕ,” ಎಂದ ಶಾನಭಾಗ. “ನಿಮ್ಮ ಮೀನು, ನಿಮ್ಮ ಇಷ್ಟ. ಇನ್ನು ನೀವು ಅದಕ್ಕೆ ಕೋಡು ಇಟ್ರೂ ನಾನು ಮಾತಾಡೂದಿಲ್ಲ.”

ಪುಸ್ತಕ ಹಿಡಿದುಕೊಂಡು ಶಾಲೆ ಶಾಲೆ ತಿರುಗುವುದು ಶುರುವಾಯಿತು. ಹೊನ್ನಾವರ ಪೇಟೆಯ ಶಾಲೆಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದವು. ಅಲ್ಲಿ ಮಾಸ್ತರು ಎದುರಿಗೆ ನಿಂತು ಚಪ್ಪಾಳೆ ತಟ್ಟುವಂತೆ ಸನ್ನೆ ಮಾಡುತ್ತಿದ್ದರು ಎಂಬುದು ಬೇರೆ ಮಾತು. ಕುಮಟಾದ ಒಂದು ಶಾಲೆಯಲ್ಲಿ ಅವಳನ್ನು ಆರೋಗ್ಯ ಇಲಾಖೆಯವಳೆಂದು ತಿಳಿದು ಮಕ್ಕಳು ಸೂಜಿಗೆ ಹೆದರಿ ಹಿಂಬಾಗಿಲಿನಿಂದ ಓಡಿದವು. ಇಂಥದ್ದೆಲ್ಲ ನಡೆದರೂ ಅವಳಿಗೆ ಹುಮ್ಮಸ್ಸು. ಎದುರಿಗೆ ಮಕ್ಕಳು ಕೂತು ಬಾಯಿ ತೆರೆದು ಕಥೆ ಕೇಳುವಾಗ ಅವಳಿಗೆ ಎಷ್ಟು ಸುಖವೆನಿಸುತ್ತಿತ್ತೆಂದರೆ, ಬಸ್ಸಿನಲ್ಲಿ ಮನೆಗೆ ಮರಳುವಾಗ ಒಬ್ಬಳೇ ನಗುತ್ತಿದ್ದಳು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಭಟ್ಕಳದಾಚೆಯ ಬೆಳಕೆಯ ಶಾಲೆಯಲ್ಲಿ. ಅಲ್ಲಿ ಮುಕ್ಕಾಲು ಪಾಲು ಮಕ್ಕಳು ದೋಣಿಯವರ ಮನೆಯವು. ಹೆಡ್ಮಾಸ್ತರು ಜಟ್ಟಪ್ಪ ನಾಯ್ಕರು ಚೆಂಡು ಹೂವಿನ ಹಾರ ಹಾಕಿ, ಪುಸ್ತಕವನ್ನು ತೆರೆಯದೆಯೇ ಬಹಳ ಹೊತ್ತು ಹೊಗಳಿ ಕೂತರು. ಶರಾವತಿ ಮೊದಲ ಪುಟ ತೋರಿಸಿದಳು. ಚಪ್ಪಾಳೆಯಿಲ್ಲ, ನಗುವೂ ಇಲ್ಲ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಸರು ಸುಕ್ರಿ, ಮೀನು ಮಾರುವ ಗಣಪಿಯ ಮಗಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು.

“ಅಕ್ಕೋರೆ, ಇದು ಎಂತ?”

“ಬಂಗಡೆ, ಮರಿ.”

“ನೀವು ಬಂಗಡೆ ತಿಂದೀರಾ?”

“ಇಲ್ಲ.”

“ಕಂಡೀರಾ?”

ಶರಾವತಿ ಹಾರವನ್ನು ಸರಿಮಾಡಿಕೊಂಡಳು.

“ಹಂಗಾರೆ ನಿಮಗೆ ಇದ್ರ ಸುದ್ದಿ ಎಂತಕ್ಕೆ?” ಎಂದಳು ಸುಕ್ರಿ. ಆಮೇಲೆ ಇಡೀ ಶಾಲೆ ಒಂದಾಯಿತು. ಬಂಗಡೆ ಕೆರೆಯಲ್ಲಿರುವುದಿಲ್ಲ, ಕಡಲಲ್ಲಿರುತ್ತದೆ. ಅದಕ್ಕೆ ರೆಪ್ಪೆಯಿಲ್ಲ. ಅದು ಕೆಂಪಾಗುವುದು ಮಸಾಲೆ ಹಚ್ಚಿದ ಮೇಲೆ. ಈ ಕೊನೆಯ ಮಾತಿಗೆ ಜಟ್ಟಪ್ಪ ಮಾಸ್ತರೂ ತಮಗರಿವಿಲ್ಲದೆ ತಲೆಯಾಡಿಸಿದರು. ಮೀನಿಗೆ ಈಜು ಕಲಿಸಲು ಹೋದವಳ ಗತಿ ಇದಲ್ಲದೆ ಮತ್ತೇನಾದೀತು?

ಬೇರೆ ಯಾರಾದರೂ ಆಗಿದ್ದರೆ ಹಾರ ಬಿಚ್ಚಿಟ್ಟು ಬಸ್ಸು ಹಿಡಿಯುತ್ತಿದ್ದರು. ಶರಾವತಿಗೆ ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ತಾನೂ ಈ ಮಕ್ಕಳ ಪಾಲಿಗೆ ಇನ್ನೊಂದು ಹಿಮಕರಡಿಯನ್ನೇ ತಂದುಕೊಟ್ಟೆನಲ್ಲ ಎನಿಸಿತು. ಅವಳು ಸುಕ್ರಿಯ ಮುಂದೆ ಕೈ ಚಾಚಿ ಭಾಷೆ ಕೊಟ್ಟಳು. ಮುಂದಿನ ಪುಸ್ತಕದ ಮೀನು ಇದ್ದದ್ದು ಇದ್ದ ಹಾಗೇ ಇರುತ್ತದೆ. ಅದರಲ್ಲಿ ನೀನು ಒಂದು ತಪ್ಪು ಹಿಡಿದರೂ ಸರಿ, ಮತ್ತೆ ನಾನು ಕುಂಚ ಹಿಡಿಯುವುದಿಲ್ಲ, ಶಾಲೆಗಳಿಗೂ ಬರುವುದಿಲ್ಲ. ಸುಕ್ರಿ ಆ ಕೈ ಮೇಲೆ ಪಟ್ಟೆಂದು ಹೊಡೆದಳು. “ಶನಿವಾರ ಬನ್ನಿ. ಅಬ್ಬಿ ತೋರಿಸ್ತದೆ,” ಎಂದಳು. ಅಬ್ಬಿ ಎಂದರೆ ಅವಳ ತಾಯಿ.

ಬಾಲವಾಡಿಗೆ ಶನಿವಾರ ಅರ್ಧ ದಿನ. ಮರುವರ್ಷವಿಡೀ ಶರಾವತಿ ಸಾಧ್ಯವಾದ ಶನಿವಾರವೆಲ್ಲ ಟೆಂಪೊ ಹತ್ತಿ ಬೆಳಕೆಗೆ ಹೋದಳು. ಗಣಪಿ ದಂಡೆಯ ತೆಂಗಿನ ನೆರಳಲ್ಲಿ ಗೋಣಿ ಹಾಸಿ, ಉಳಿದ ಮೀನನ್ನು ಒಂದೊಂದಾಗಿ ಇಟ್ಟು ತೋರಿಸುತ್ತಿದ್ದಳು. ಶರಾವತಿ ನಾಲ್ಕು ಮಾರು ದೂರ ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡು ಪೆನ್ಸಿಲ್ಲಿನಲ್ಲಿ ಚಿತ್ರ ಗೀಚಿಕೊಂಡಳು. ಗಣಪಿಗೆ ನಗು ತಡೆಯಲಾಗುತ್ತಿರಲಿಲ್ಲ. “ಅದು ಸತ್ತದೆ ಅಮ್ಮಾ, ಕಚ್ಚೂದಿಲ್ಲ. ಇತ್ಲಾಗೆ ಬನ್ನಿ.” ಎರಡು ತಿಂಗಳಿಗೆ ಒಂದು ಮಾರಿನಂತೆ ಶರಾವತಿ ಹತ್ತಿರ ಸರಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮೂಗಿನ ಸೆರಗು ಹೆಗಲಿಗೆ ಬಂದಿತ್ತು.

ಅವಳಿಗೆ ಮನಸ್ಸು ಕೂತದ್ದು ನಂಗು ಮೀನಿನ ಮೇಲೆ. ನಾಲಿಗೆಯ ಹಾಗೆ ಚಪ್ಪಟೆ ಮೀನು, ಮರಳಿನ ಮೇಲೆ ಮಲಗಿಯೇ ಬದುಕುತ್ತದೆ. ಅದಕ್ಕೆ ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ, ಮೇಲ್ಗಡೆ. ಕೆಳಗಿನ ಮಗ್ಗುಲು ಬರೇ ಬಿಳಿ, ಕಣ್ಣಿಲ್ಲ ಮೂಗಿಲ್ಲ. ಶರಾವತಿ ಕಥೆ ಕಟ್ಟಿದಳು. ಎರಡು ಕಣ್ಣೂ ಆಕಾಶಕ್ಕೇ ಇರುವುದರಿಂದ ನಂಗುವಿಗೆ ತನ್ನ ಹೊಟ್ಟೆಯಡಿ ಯಾರಿದ್ದಾರೆಂದು ಕಾಣುವುದಿಲ್ಲ. ಅಲ್ಲೊಂದು ಏಡಿ ಸೇರಿಕೊಂಡು ಕಚಗುಳಿ ಇಡುತ್ತದೆ. ನಂಗು ನಕ್ಕು ನಕ್ಕು ಸುಸ್ತಾಗುತ್ತದೆ, ಯಾರೆಂದು ಮಾತ್ರ ಗೊತ್ತಾಗುವುದಿಲ್ಲ. ಸುಕ್ರಿ ಕಥೆ ಕೇಳಿ ತಪ್ಪಿಲ್ಲ ಎಂದಳು. ಚಿತ್ರ ನೋಡಿದ ಮೇಲೆ ಉಳಿದದ್ದು ಹೇಳುತ್ತೇನೆ ಎಂದೂ ಸೇರಿಸಿದಳು.

ಇನ್ನು ಮನೆಯಲ್ಲಿ ಕೂತು ಚಿತ್ರ ಬರೆಯಬೇಕಲ್ಲ, ಅಲ್ಲಿ ಭಾಗೀರಥಮ್ಮ ಕಾಯಿದೆ ತಂದರು.

“ಆ ಜಂತುವಿನ ಚಿತ್ರ ಬರದ ಮೇಲೆ ಮಿಂದ್ಕಂಡೇ ಒಳಗೆ ಬರಕ್ಕು, ಕೂಸೇ.”

“ಅತ್ತೆ, ಇದು ಕಾಗದ!”

“ಕಾಗದದ್ದಾದ್ರೂ ಜಂತುವೇ.”

ಶರಾವತಿ ಪುರೋಹಿತರ ಹತ್ತಿರ ಕೇಳಿಸಿದಳು. ಮೀನಿನ ಚಿತ್ರ ಬರೆದರೆ ಮೈಲಿಗೆ ಎಂದು ಯಾವ ಶಾಸ್ತ್ರದಲ್ಲೂ ಇಲ್ಲ, ದೇವರೇ ಮತ್ಸ್ಯಾವತಾರ ಎತ್ತಿದ್ದಾನಲ್ಲ ಎಂದರು ಅವರು. “ಅದು ದೇವ್ರು, ಇದು ಮಾರ್ಕೆಟ್ಟು,” ಎಂದು ಭಾಗೀರಥಮ್ಮ ಪುರೋಹಿತರ ಬಾಯಿಯನ್ನೂ ಮುಚ್ಚಿಸಿದರು.

ಹದಿನಾರು ಪುಟದ ಪುಸ್ತಕ, ಹನ್ನೊಂದು ಪುಟದಲ್ಲಿ ನಂಗು, ಪಕ್ಕದಿಂದ ಕಂಡ ಹಾಗೆ, ಮೇಲಿನ ಮಗ್ಗುಲು ಕೆಳಗಿನ ಮಗ್ಗುಲು ಎರಡೂ ತೋರುವಂತೆ. ೧೯೯೯ರ ಡಿಸೆಂಬರಿನ ಚಳಿಯಲ್ಲಿ ಶರಾವತಿ ದಿನಕ್ಕೊಂದು ನಂಗು ಬರೆದು, ಸಂಜೆ ಬಾವಿಯ ತಣ್ಣೀರು ಹೊಯ್ದುಕೊಂಡು ಒಳಗೆ ಬಂದಳು. ಚಿತ್ರಗಳು ಜಗಲಿಯ ಹಗ್ಗದ ಮೇಲೆ ಸಾಲಾಗಿ ಒಣಗಿದವು. ಭಾಗೀರಥಮ್ಮ ಅವುಗಳ ಕಡೆ ಮುಖ ಹಾಕದೆ ಅಡ್ಡಡ್ಡ ನಡೆದು ಹೋಗುತ್ತಿದ್ದರು. ಹನ್ನೊಂದನೆಯ ಸ್ನಾನ ಮುಗಿಸಿ ಬಂದವಳಿಗೆ ಸೀನು ಬಂತು, ಆಮೇಲೆ ಜ್ವರ. ಎರಡು ದಿನ ಕಂಬಳಿಯಿಂದ ತಲೆ ಎತ್ತಲಾಗಲಿಲ್ಲ. ಆ ಎರಡು ದಿನವೂ ಅವಳಿಗೆ ಬಾವಿಯ ರಾಟೆ ಕಿರ್ರೆನ್ನುವ ಸದ್ದು, ಮೈಮೇಲೆ ಕೊಡ ಸುರಿದುಕೊಳ್ಳುವ ಸದ್ದು ಗಳಿಗೆಗೊಮ್ಮೆ ಕೇಳಿಸುತ್ತಿತ್ತು. ಯಾರು ಇಷ್ಟು ಸಲ ಮೀಯುತ್ತಿದ್ದಾರೆ ಎಂದು ಗಂಡ ಭಾಸ್ಕರನನ್ನು ಕೇಳಿದಳು. ಅವನು ಹೊನ್ನಾವರದ ಸೊಸೈಟಿಯಲ್ಲಿ ಗುಮಾಸ್ತ, ಆಗಷ್ಟೇ ಮನೆಗೆ ಬಂದಿದ್ದ. “ಯಾರೂ ಇಲ್ಲೆ. ಜ್ವರ ತಲೆಗೆ ಏರಿದ್ದು, ಮಲಕ್ಕ,” ಎಂದ.

ಮೂರನೆಯ ದಿನ ಭಾಗೀರಥಮ್ಮ ತಾವೇ ಚಿತ್ರಗಳನ್ನು ಪತ್ರಿಕೆಯಲ್ಲಿ ಸುತ್ತಿ, ದಾರ ಬಿಗಿದು, ಮಗನ ಕೈಯಲ್ಲಿ ಕುಮಟಾದ ಪ್ರೆಸ್ಸಿಗೆ ಕಳಿಸಿಕೊಟ್ಟರು. ಜನವರಿಯಲ್ಲಿ ಬೆಳಕೆ ಶಾಲೆಯ ವಾರ್ಷಿಕೋತ್ಸವ ಇತ್ತು, ಅಲ್ಲೇ ಬಿಡುಗಡೆ. ಪುಸ್ತಕದ ಗಂಟು ಅಂದು ಬೆಳಿಗ್ಗೆ ಕುಮಟಾದಿಂದ ನೇರ ಶಾಲೆಗೇ ಬಸ್ಸಿನಲ್ಲಿ ಬರುವುದೆಂದು ಏರ್ಪಾಟಾಯಿತು.

ವಿಚಿತ್ರವೆಂದರೆ ಆ ದಿನ ಭಾಗೀರಥಮ್ಮ ತಾವೂ ಬರುತ್ತೇನೆಂದು ಹೊರಟು ನಿಂತರು. ಕಾಶಿಗೆ ಉಟ್ಟಿದ್ದ ಸೀರೆ ಉಟ್ಟಿದ್ದರು. ಟೆಂಪೊದಲ್ಲಿ ದಾರಿಯುದ್ದಕ್ಕೂ ಅವರ ಮುಖದಲ್ಲಿ ಗುಟ್ಟಿನ ನಗೆ. “ನೀ ಎಂತೂ ಹೆದರಡ, ಕೂಸೇ. ಪುಸ್ತಕ ಚೊಲೋ ಬಂದಿರ್ತು,” ಎಂದು ಎರಡು ಸಲ ಹೇಳಿದರು. ಅತ್ತೆಯ ಬಾಯಲ್ಲಿ ಇಂಥ ಮಾತು ಕೇಳಿ ಶರಾವತಿಗೆ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ಸಭೆ ತುಂಬಿತ್ತು. ನಾಲ್ಕನೆಯ ತರಗತಿಗೆ ಬಂದಿದ್ದ ಸುಕ್ರಿ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದಳು, ಇವತ್ತು ಎರಡೂ ಜಡೆಗೆ ರಿಬ್ಬನ್ನು. ಹಿಂದೆ ಗಣಪಿ, ಬುಟ್ಟಿಯನ್ನು ಶಾಲೆಯ ಕಟ್ಟೆಯ ಮೇಲೆ ಇಟ್ಟು ಬಂದಿದ್ದಳು. ಗಂಟು ಬಿಚ್ಚಿದವರೇ ಮಾಸ್ತರು ಒಂದು ಪ್ರತಿ ಶರಾವತಿಯ ಕೈಗೆ ಕೊಟ್ಟರು. ಕಥೆ ಅವಳಿಗೆ ಬಾಯಿಪಾಠ. ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು, ತಾನು ನೋಡದೆಯೇ ಪುಟ ತಿರುವುತ್ತ ಹೇಳಲು ಶುರುಮಾಡಿದಳು.

“ನಂಗುವಿನ ಎರಡು ಕಣ್ಣೂ ಆಕಾಶ ನೋಡುತ್ತಿದ್ದವು.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

“ಹೊಟ್ಟೆಯ ಕೆಳಗಿನದು ಅದಕ್ಕೆ ಕಾಣುವುದಿಲ್ಲ.”

“ಕಾಣ್ತದೆ!” ಎಂದಿತು ಒಂದು ಧ್ವನಿ.

“ಕಾಣುವುದಿಲ್ಲ ಮರಿ. ಕೆಳಗೆ ಏಡಿ ಬಂತು. ನಂಗುವಿಗೆ ಗೊತ್ತೇ ಆಗಲಿಲ್ಲ.”

“ಗೊತ್ತಾಗದೆ ಎಂತ ಅಕ್ಕೋರೆ! ಕಣ್ಣು ಹಿಂಗೆ ಬಿಟ್ಟು ಏಡಿನೇ ನೋಡ್ತದಲ್ಲ!” ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಶರಾವತಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು.

ನಂಗುವಿನ ಮೇಲಿನ ಎರಡು ಕಣ್ಣುಗಳಲ್ಲಿ ಒಂದು ಮಾಯವಾಗಿತ್ತು. ಕೆಳಗಿನ ಬಿಳಿ ಮಗ್ಗುಲಿನಲ್ಲಿ, ಅವಳು ಏನೂ ಬರೆಯದೆ ಬಿಟ್ಟಿದ್ದಲ್ಲಿ, ಹೊಸದೊಂದು ಕಣ್ಣು ಅರಳಿತ್ತು. ಅಂಥಿಂಥ ಕಣ್ಣಲ್ಲ, ತೊಟ್ಟಿಲ ಮಗುವಿಗೆ ಹಚ್ಚುವ ಹಾಗೆ ಕಾಡಿಗೆ ತೀಡಿದ ದೊಡ್ಡ ಕಣ್ಣು. ಹನ್ನೊಂದು ಪುಟದಲ್ಲೂ ಅದು ಏಡಿಯನ್ನು ಪ್ರೀತಿಯಿಂದ ನೋಡುತ್ತಿತ್ತು. ಶಾನಭಾಗ ಅದನ್ನು ಕಂಡಿದ್ದನೇ? ಕಂಡಿದ್ದ. ಕೋಡು ಇಟ್ಟರೂ ಮಾತಾಡುವುದಿಲ್ಲ ಎಂದು ಒಪ್ಪಿಕೊಂಡವನು, ಹಾಗಾಗಿ ಬಾಯಿ ಬಿಗಿಹಿಡಿದು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿದ್ದ.

ಸುಕ್ರಿ ಎದ್ದು ನಿಂತಳು. ಅವಳು ನಗುತ್ತಿರಲಿಲ್ಲ. “ಅಕ್ಕೋರೆ, ಭಾಷೆ ಕೊಟ್ಟದ್ದು ನೆನಪದೆಯಾ?” ಎಂದಳು.

“ಇದೆ,” ಎಂದಳು ಶರಾವತಿ. ಚೀಲದಲ್ಲಿ ಯಾವಾಗಲೂ ಇರುತ್ತಿದ್ದ ಕುಂಚವನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಒಂದು ವರ್ಷದ ಶನಿವಾರಗಳು, ನಾಲ್ಕು ಮಾರಿನಿಂದ ಹತ್ತಿರ ಸರಿದದ್ದು, ಎಲ್ಲ ಇಷ್ಟಕ್ಕೇ ಮುಗಿಯಿತಲ್ಲ ಎನಿಸಿತು. ಸಭೆಯ ನಗು ನಿಂತಿತು.

ಆಗ ಅತಿಥಿಗಳ ಸಾಲಿನಿಂದ ಕಾಶಿ ಸೀರೆ ಎದ್ದಿತು.

“ತಡಿ ಕೂಸೇ. ಆ ಕಣ್ಣು ಎನ್ನ ಸೊಸೆ ಬರದ್ದಲ್ಲ. ಆನು ಬರದ್ದು.”

ಭಾಗೀರಥಮ್ಮ ನಡೆದದ್ದನ್ನೆಲ್ಲ ಹೇಳಿದರು. ಸೊಸೆ ಜ್ವರದಲ್ಲಿ ಮಲಗಿದ್ದಾಗ ಅವರ ಕಣ್ಣು ಹೇಗೋ ಹಗ್ಗದ ಮೇಲಿನ ಚಿತ್ರಗಳ ಮೇಲೆ ಬಿದ್ದಿತ್ತು. ಒಂದು ಮಗ್ಗುಲಲ್ಲಿ ಎರಡು ಕಣ್ಣು, ಇನ್ನೊಂದು ಮಗ್ಗುಲು ಕುರುಡು. ಜ್ವರ ಬರುವ ಮೊದಲೇ ಕೂಸಿನ ಕೈ ತಪ್ಪಿದೆ ಎಂದುಕೊಂಡರು. ಕಳೆದ ವರ್ಷ ಅತ್ತುಕೊಂಡು ಮನೆಗೆ ಬಂದವಳು ಈ ಸಲವೂ ಹತ್ತು ಜನರ ಮುಂದೆ ನಗೆಪಾಟಲಾಗುವುದು ಬೇಡ. ದೇವರಮನೆಯ ಮತ್ಸ್ಯಾವತಾರದ ಪಟ ನೋಡಿ ಬಂದರು, ದೇವರ ಮುಖಕ್ಕೆ ಆಚೆಗೊಂದು ಈಚೆಗೊಂದು ಕಣ್ಣಿತ್ತು. ಎಲೆಪೆಟ್ಟಿಗೆಯ ಸುಣ್ಣ ಹಚ್ಚಿ ಒಂದು ಕಣ್ಣು ಅಳಿಸಿ, ಬೆರಳಿಗೆ ಕಾಡಿಗೆ ಮಾಡಿಕೊಂಡು ಇನ್ನೊಂದು ಬರೆದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು.

“ಒಂದು ಬರದು, ಮಿಂದ್ಕಂಡು, ಒಳಗೆ ಹೋಗಿ ಈ ಕೂಸಿಗೆ ಗಂಜಿ ಕಾಸಿ, ಮತ್ತೊಂದು ಬರದೆ,” ಎಂದರು ಭಾಗೀರಥಮ್ಮ. “ಹನ್ನೊಂದು ಸಲ ಮಿಂದಿದ್ದು.”

ಶರಾವತಿಗೆ ಬಾವಿಯ ರಾಟೆಯ ಸದ್ದು ನೆನಪಾಯಿತು. ಅರವತ್ತೆಂಟರ ಹೆಂಗಸು, ಆ ಚಳಿಯಲ್ಲಿ, ಹೆಸರು ಹೇಳಲೂ ಒಲ್ಲದ ಜಂತುವಿಗೆ ಬೆರಳಿಂದ ಕಣ್ಣು ತೀಡಿದ್ದರು, ಸೊಸೆಯ ಮಾನ ಉಳಿಯಲಿ ಎಂದು. ಕೋಪ ಮಾಡಿಕೊಳ್ಳಬೇಕೆಂದು ನೋಡಿದಳು, ಕಣ್ಣೀರು ಬಂತು.

ಇಷ್ಟು ಹೊತ್ತಿಗೆ ಗಣಪಿ ಕಟ್ಟೆಯ ಬುಟ್ಟಿಗೆ ಹೋಗಿ, ಸಾಗವಾನಿ ಎಲೆಯ ಮೇಲೆ ಒಂದು ನಂಗು ಇಟ್ಟುಕೊಂಡು ಬಂದಿದ್ದಳು. ಅಜ್ಜಿಯ ಮುಂದೆ ಹಿಡಿದಳು. ಹಿಂದಿನವರು ಬೆಂಚಿನ ಮೇಲೆ ಹತ್ತಿ ನಿಂತರು. ಭಾಗೀರಥಮ್ಮ ಮೊದಲು ಕಣ್ಣು ಮುಚ್ಚಿದರು, ಆಮೇಲೆ ಒಂದು ಕಣ್ಣು ತೆರೆದರು, ಆಮೇಲೆ ಎರಡೂ. ಬಗ್ಗಿ ನೋಡಿದರು. ಕೊನೆಗೆ ತಾವೇ ಕಿರುಬೆರಳ ತುದಿಯಿಂದ ಅದನ್ನು ಮಗುಚಿ ಹಾಕಿ ಕೆಳಗಿನ ಮಗ್ಗುಲನ್ನೂ ನೋಡಿದರು.

“ಪಾಪ. ಇದ್ರದ್ದು ಹೀಂಗೇಯಾ?”

“ಹುಟ್ಟಿಂದೇ ಹಂಗೇ ಅಮ್ಮಾ,” ಎಂದಳು ಗಣಪಿ.

“ದೇವ್ರೇ ಹೀಂಗೆ ಮಾಡಿದ್ದಾದ್ರೆ ತಿದ್ದುಲೆ ಆನು ಯಾರು,” ಎಂದು ಭಾಗೀರಥಮ್ಮ ಸುಕ್ರಿಯ ಕಡೆ ತಿರುಗಿದರು. “ತಪ್ಪು ಎನ್ನದು. ಭಾಷೆ ಎನ್ನ ಸೊಸೆದು. ಈಗ ನೀ ಹೇಳು ತಂಗಿ, ಎಂತ ಮಾಡುದು?”

ಸುಕ್ರಿ ಬೆರಳು ಮಡಚುತ್ತ ಲೆಕ್ಕ ಹಾಕಿದಳು. ಅಕ್ಕೋರು ಭಾಷೆ ಕೊಟ್ಟರು, ತಪ್ಪು ಮಾಡಲಿಲ್ಲ. ಅಜ್ಜಿ ತಪ್ಪು ಮಾಡಿದರು, ಭಾಷೆ ಕೊಟ್ಟಿರಲಿಲ್ಲ. ಆದ್ದರಿಂದ ಯಾರಿಗೂ ಶಿಕ್ಷೆಯಿಲ್ಲ. ಆದರೆ ಪುಸ್ತಕ ಹಾಗೇ ಬಿಡುವಂತಿಲ್ಲ. ಅವಳು ಮೇಜಿನ ಮೇಲಿನ ಕುಂಚವನ್ನು ತೆಗೆದು ಅಕ್ಕೋರ ಕೈಗೆ ಕೊಟ್ಟಳು, ಮಾಸ್ತರ ಹತ್ತಿರ ಸೀಮೆಸುಣ್ಣದ ಡಬ್ಬಿ ಕೇಳಿದಳು. ಆ ಮಧ್ಯಾಹ್ನ ಬೆಳಕೆಯ ಮಕ್ಕಳೆಲ್ಲ ನೆಲಕ್ಕೆ ಬೋರಲು ಮಲಗಿ, ನೂರಾರು ಪ್ರತಿಗಳ ನಂಗುಗಳಿಗೆ ಕೆಳಗಿನ ಕಣ್ಣು ಸುಣ್ಣದಿಂದ ಅಳಿಸಿ, ಮೇಲೆ ಪೆನ್ಸಿಲ್ಲಿನಿಂದ ಬರೆದವು. ಒಂದು ನಂಗುವಿಗೆ ಮಾತ್ರ ಉತ್ಸಾಹದಲ್ಲಿ ಮೂರು ಕಣ್ಣು ಬಂತು. ಭಾಷಣಕ್ಕೆ ಸಮಯ ಉಳಿಯಲಿಲ್ಲವೆಂದು ಜಟ್ಟಪ್ಪ ಮಾಸ್ತರಿಗೆ ಸ್ವಲ್ಪ ಬೇಜಾರಾಯಿತು.

ಮರಳಿ ಕರ್ಕಿಯ ಅಂಗಳಕ್ಕೆ ಕಾಲಿಟ್ಟಾಗ ದೀಪ ಹಚ್ಚುವ ಹೊತ್ತು. ಶರಾವತಿ ನೇರ ಬಾವಿಯ ಕಡೆ ಹೊರಟಳು. ಭಾಗೀರಥಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದರು.

“ತಣ್ಣೀರು ಬೇಡ. ಇನ್ನು ಮೇಲೆ ಒಂದು ಪುಸ್ತಕಕ್ಕೆ ಒಂದೇ ಸ್ನಾನ. ಅದೂ ಬಿಸಿನೀರು.” ಸ್ವಲ್ಪ ತಡೆದು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದರು. “ಮುಂದಿನದು ಬಂಗಡೆ ಬರಿ. ಅದಕ್ಕೆ ಕಣ್ಣು ಎರಡೂ ಬದಿಗೆ ಇರ್ತಡ. ಸುಕ್ರಿ ಹೇಳಿದ್ದು.”

೨೦೦೯ರ ಹೊತ್ತಿಗೆ ಶರಾವತಿಯ ಒಂಬತ್ತು ಪುಸ್ತಕಗಳು ಬಂದಿದ್ದವು. ಭಟ್ಕಳದಿಂದ ಕುಮಟಾದವರೆಗೆ ಅವಳು ಹೋಗದ ಶಾಲೆ ಕಡಿಮೆ. ಪ್ರತಿ ಶಾಲೆಯಲ್ಲೂ ಮಕ್ಕಳು ಮೊದಲು ಕೇಳುತ್ತಿದ್ದದ್ದು ಕಣ್ಣು ತಿದ್ದುವ ಪುಸ್ತಕವನ್ನೇ. ಅದಕ್ಕಾಗಿಯೇ ಶಾನಭಾಗ ಮರುಮುದ್ರಣದಲ್ಲೂ ಆ ಕಾಡಿಗೆಗಣ್ಣನ್ನು ಹಾಗೇ ಉಳಿಸಿದ. ಒಂಬತ್ತನೆಯ ಪುಸ್ತಕದ ಕೊನೆಯ ಪುಟ ಮುಗಿಸಿ ಶರಾವತಿ ಕುಂಚ ತೊಳೆಯುತ್ತಿದ್ದಾಗ ಬಚ್ಚಲ ಒಲೆಯಿಂದ ಹೊಗೆ ಏಳುತ್ತಿತ್ತು. ಎಪ್ಪತ್ತೇಳರ ಭಾಗೀರಥಮ್ಮ ಸಂಜೆಯಿಂದ ಅಲ್ಲೇ ಕೂತು ತೆಂಗಿನ ಸೋಗೆ ಒಟ್ಟುತ್ತಿದ್ದರು.

“ಬಾ ಕೂಸೇ,” ಎಂದು ಕರೆದರು. “ನೀರು ಕಾದಿದ್ದು.”